ನಡುಗುವ ಕೈ, ಮುಚ್ಚಿಟ್ಟ ಮಾತು

ತುಮಕೂರು ತಾಲ್ಲೂಕಿನ ಬೆಳ್ಳಾವಿಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುವ ಗುಮಾಸ್ತರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಲಿ. 58ರ ವಯಸ್ಸು, ಮಿತಭಾಷಿ. ಮೂವತ್ತು ವರ್ಷಗಳಿಂದ ಕಿರ್ದಿಯಲ್ಲಿ ಒಂದು ಚಿತ್ತೂ ಕಾಣದಂತೆ ಬರೆದುಕೊಂಡು ಬಂದ ಕೈ ಅವರದು. ಗುಮಾಸ್ತರ ಅಕ್ಷರವೆಂದರೆ ಮುತ್ತು ಪೋಣಿಸಿದಂತೆ ಎಂದು ಊರಿನಲ್ಲೆಲ್ಲ ಹೆಸರು. ಅಂಥ ಅಕ್ಷರ ಕಳೆದ ಕೆಲವು ತಿಂಗಳಿಂದ ಕುಗ್ಗತೊಡಗಿದೆ. ಸಾಲಿನ ಆರಂಭದಲ್ಲಿ ಎಂದಿನಂತಿದ್ದ ಬರಹ ಸಾಲಿನ ಕೊನೆ ಮುಟ್ಟುವ ವೇಳೆಗೆ ಇರುವೆಯ ಸಾಲಿನಂತಾಗುತ್ತದೆ. ಬ್ಯಾಂಕಿನಲ್ಲಿ ಎರಡು ಬಾರಿ ಅವರ ಚೀಟಿ ಹಿಂದಕ್ಕೆ ಬಂತು; ರುಜು ತಾಳೆಯಾಗುವುದಿಲ್ಲವಂತೆ.

ಇಷ್ಟೇ ಅಲ್ಲ. ಜಗಲಿಯ ಮೇಲೆ ಕುಳಿತು ಮಾತನಾಡುವಾಗ, ತೊಡೆಯ ಮೇಲಿಟ್ಟ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ, ಅಡಕೆಯ ಹೋಳೊಂದನ್ನು ಉಜ್ಜುತ್ತಿರುವಂತೆ, ಒಂದರ ಮೇಲೊಂದು ಆಡುತ್ತಿರುತ್ತವೆ. ಕಾಫಿಯ ಲೋಟ ತುಟಿಗೆ ತಾಗುವ ಮೊದಲೇ ಪಂಚೆಯ ಮೇಲೆ ನಾಲ್ಕು ಹನಿ ಬಿದ್ದಿರುತ್ತದೆ. ಬಸ್ಸಿಳಿದು ಮನೆ ಸೇರಲು ಐದು ನಿಮಿಷ ಸಾಕಾಗಿದ್ದ ಹಾದಿಗೆ ಈಗ ಕಾಲು ಗಂಟೆ ಬೇಕು. ಮನಸ್ಸು ನಕ್ಕರೂ ಮುಖ ನಗುವುದಿಲ್ಲ. ಹೊಸಬರು ಅದನ್ನು ಬಿಗುಮಾನವೆಂದು ಎಣಿಸುತ್ತಾರೆ. ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿರುವ ಕಾಲ. ಬಂದವರ ಮುಂದೆ ತಾಂಬೂಲದ ತಟ್ಟೆ ಹಿಡಿದಾಗ ಅಡಕೆ ಉರುಳಿಬಿದ್ದರೆ ಏನು ಗತಿಯೆಂದು ಗುಮಾಸ್ತರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ.

"ವಯಸ್ಸಾಯಿತು, ಇನ್ನೇನು!" ಎಂದು ನೆರೆಯವರು ಸಮಾಧಾನ ಹೇಳುತ್ತಾರೆ. ಆದರೆ ಅವರ ಅಂಜಿಕೆಯ ಮೂಲ ಬೇರೆಯೇ ಇದೆ. 2006ರಲ್ಲಿ ಕ್ಷಯವೆಂದು ಆಸ್ಪತ್ರೆಗೆ ಸೇರಿದಾಗ ಅವರ ರಕ್ತದಲ್ಲಿ ಎಚ್‌.ಐ.ವಿ. ಸೋಂಕು ಇರುವುದು ತಿಳಿಯಿತು. ಅದು ಹೇಗೆ ಬಂತೆಂಬ ವಿಚಾರ ಇಲ್ಲಿ ಅನಾವಶ್ಯಕ. ಅಂದಿನಿಂದ ಅವರು ಒಂದು ಹೊತ್ತೂ ತಪ್ಪದೆ ಔಷಧ ಸೇವಿಸುತ್ತ, ದುಡಿದು ಇಬ್ಬರು ಮಕ್ಕಳನ್ನು ಓದಿಸಿದ್ದಾರೆ. ಹೆಂಡತಿಗೆ ಎಲ್ಲ ಗೊತ್ತು, ಆಕೆಗೆ ಸೋಂಕಿಲ್ಲ. ಮಕ್ಕಳಿಗಾಗಲಿ ಊರಿಗಾಗಲಿ ಈ ಸಂಗತಿ ತಿಳಿಯದು. ಇಷ್ಟು ವರ್ಷ ಬಚ್ಚಿಟ್ಟುಕೊಂಡು ಬಂದ ಗುಟ್ಟನ್ನು ಈ ನಡುಗುವ ಬೆರಳೇ ಬಯಲು ಮಾಡೀತೆಂಬುದೇ ಅವರ ದಿಗಿಲು.

ಕೊನೆಗೆ ಪಟ್ಟಣದ ನರರೋಗ ತಜ್ಞರೊಬ್ಬರನ್ನು ಕಂಡು ಬಂದರು. ಸಂಜೆ ಹೆಂಡತಿ ನೀರಿನ ಚೆಂಬು ತಂದಿಟ್ಟು ಕೇಳಿದರು:

"ಡಾಕ್ಟರಿಗೆ ಎಲ್ಲಾ ಹೇಳಿದಿರೇನ್ರೀ?"

"ಕೈ ನಡುಗೋದು ಹೇಳಿದೆ. ನಡಿಗೆ ಹೇಳಿದೆ."

"ಅದಲ್ಲರೀ... ಅದನ್ನ?"

ಗುಮಾಸ್ತರು ಚೆಂಬಿನತ್ತ ನೋಡುತ್ತ ಸುಮ್ಮನಾದರು.

ಈ ಮೌನವೇ ಈ ವಾರದ ಲೇಖನಕ್ಕೆ ವಿಷಯ. ಗುಮಾಸ್ತರು ಕಲ್ಪನೆಯ ವ್ಯಕ್ತಿ. ಆದರೆ ಅವರ ಸ್ಥಿತಿ ಕಲ್ಪನೆಯದಲ್ಲ.

ಒಂದು ಕಾಲಕ್ಕೆ ಈ ಸೋಂಕು ತಗುಲಿದವರು ಮುಪ್ಪನ್ನು ಕಾಣುವ ಮಾತೇ ಇರಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಈ ವೈರಸ್ಸನ್ನು ಮೊದಲು ಗುರುತಿಸಿದ್ದು 1983ರಲ್ಲಿ. ನಮ್ಮ ದೇಶದಲ್ಲಿ ಅದು ಪತ್ತೆಯಾದದ್ದು 1986ರಲ್ಲಿ, ಚೆನ್ನೈನ ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸನ್ನು ಹತ್ತಿಕ್ಕಬಹುದೆಂಬುದು 1996ರ ಸುಮಾರಿಗೆ ಸಿದ್ಧವಾಯಿತು. ಭಾರತ ಸರ್ಕಾರ ಆ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಆಗ ಮೊದಲು ಆರಿಸಿಕೊಂಡರು; ಕರ್ನಾಟಕ ಅವುಗಳಲ್ಲೊಂದು. ಇಂದು ಈ ಔಷಧಕ್ಕಾಗಿ ಬೆಳ್ಳಾವಿಯವರು ತುಮಕೂರಿನ ಜಿಲ್ಲಾ ಆಸ್ಪತ್ರೆಯವರೆಗೆ ಬಂದರೆ ಸಾಕು. ದೇಶದಲ್ಲಿ ಈ ಸೋಂಕಿನೊಡನೆ ಬಾಳುತ್ತಿರುವವರು ಸುಮಾರು 25 ಲಕ್ಷ ಮಂದಿ. ಇವರಲ್ಲಿ ಅನೇಕರು ಈಗ ಐವತ್ತು ದಾಟಿದ್ದಾರೆ, ಅರವತ್ತು ದಾಟಿದ್ದಾರೆ. ಇದು ವೈದ್ಯಶಾಸ್ತ್ರದ ಒಂದು ದೊಡ್ಡ ಗೆಲುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೀರ್ಘಾಯುಷ್ಯ ತನ್ನ ಜೊತೆಗೆ ಹೊಸ ಪ್ರಶ್ನೆಗಳನ್ನೂ ತರುತ್ತದೆ. ನಡುಕ, ನಿಧಾನ, ತಡವರಿಸುವ ನಡಿಗೆ ಇಂಥ ಪ್ರಶ್ನೆಗಳಲ್ಲಿ ಒಂದು.

ಮನುಷ್ಯ ಕೈಯೆತ್ತಿ ಲೋಟ ಹಿಡಿಯುವುದು ನೋಡುವವರಿಗೆ ಸುಲಭದ ಕೆಲಸ. ಆದರೆ ಅದರ ಹಿಂದೆ ಮಿದುಳಿನ ಆಳದಲ್ಲಿ ಅಡಗಿರುವ ಕೆಲವು ನರಗಂಟುಗಳ ಮೇಲ್ವಿಚಾರಣೆಯಿದೆ. ಯಾವ ಸ್ನಾಯು ಎಷ್ಟು ಬಿಗಿಯಬೇಕು, ಯಾವುದು ಸಡಿಲಬೇಕು, ಯಾವ ಚಲನೆಯನ್ನು ತಡೆಯಬೇಕು ಎಂಬುದನ್ನು ತೂಗಿ ನೋಡುವುದು ಈ ಗಂಟುಗಳ ಕೆಲಸ. ಅವು ಹೀಗೆ ಕೆಲಸ ಮಾಡಲು ಡೋಪಮೀನ್ ಎಂಬ ರಸ ಬೇಕು. ಮಿದುಳಿನಲ್ಲಿ ಅದಕ್ಕೆ ತನ್ನದೇ ಆದ ಪಾತ್ರವಿದೆಯೆಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ತೋರಿಸಿದ್ದು 1957ರ ಸುಮಾರಿನಲ್ಲಿ. ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಡೋಪಮೀನ್ ಕಡಮೆಯಾದರೆ ಅಥವಾ ಅದರ ಕೆಲಸಕ್ಕೆ ಅಡ್ಡಿಯಾದರೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಅಕ್ಷರ ಕುಗ್ಗುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವರ್ಣಿಸಿದ ರೋಗದ ಚಿತ್ರ ಹೆಚ್ಚು ಕಡಮೆ ಇದೇ. ನಮ್ಮ ಆಯುರ್ವೇದದವರು ಇಂಥ ಲಕ್ಷಣಗಳನ್ನು ಕಂಪವಾತವೆಂದು ಕರೆದರು.

ಎಚ್‌.ಐ.ವಿ.ಗೂ ಈ ನರಗಂಟುಗಳಿಗೂ ಏನು ಸಂಬಂಧ? ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ವೈರಸ್ಸು ಬಿಳಿಯ ರಕ್ತಕಣಗಳ ಬೆನ್ನೇರಿ ಮಿದುಳನ್ನು ಹೊಗುತ್ತದೆ. ಅಲ್ಲಿ ಅದು ಮನೆ ಮಾಡುವುದು ನರಕೋಶಗಳಲ್ಲಲ್ಲ, ಅವುಗಳ ಕಾವಲಿಗಿರುವ ರಕ್ಷಕ ಕೋಶಗಳಲ್ಲಿ. ಕಾವಲುಗಾರನೇ ಕೆಟ್ಟು ನಿಂತರೆ ಮನೆಯವರಿಗೆ ನೆಮ್ಮದಿಯುಂಟೆ? ಸೋಂಕು ತಗುಲಿದ ಈ ಕೋಶಗಳು ಸುರಿಸುವ ವಿಷದ್ರವ್ಯಗಳು ಸುತ್ತಲಿನ ನರಗಳನ್ನು ವರ್ಷಗಟ್ಟಲೆ ಹಿಂಸಿಸುತ್ತವೆ. ಮಿದುಳಿನ ಆಳದ ಆ ಗಂಟುಗಳು ಈ ಹಿಂಸೆಗೆ ವಿಶೇಷವಾಗಿ ಬಲಿಯಾಗುತ್ತವೆ. ಔಷಧ ರಕ್ತದಲ್ಲಿ ವೈರಸ್ಸನ್ನು ಅಡಗಿಸಿದ್ದರೂ, ಮಿದುಳಿಗೆ ಎಲ್ಲ ಔಷಧಗಳೂ ಸಮನಾಗಿ ತಲಪುವುದಿಲ್ಲ.

ಆದರೂ ವಾಚಕರು ಗಾಬರಿಪಡಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಿಗೆ ಬರುವ ಎಚ್‌.ಐ.ವಿ. ಸೋಂಕಿತರಲ್ಲಿ ಎದ್ದು ಕಾಣುವಂಥ ಚಲನೆಯ ತೊಂದರೆಗೆ ಗುರಿಯಾಗುವವರು ನೂರಕ್ಕೆ ಎರಡು ಮೂರು ಮಂದಿ ಮಾತ್ರ. ಹಾಗೆ ಗುರಿಯಾದವರಲ್ಲೂ ಎಲ್ಲರ ನಡುಕಕ್ಕೂ ವೈರಸ್ಸೇ ಕಾರಣವಲ್ಲ. ಮುಖ್ಯವಾದ ಮಾತು ಇದು: ನಡುಕ ಒಂದೇ ಆದರೂ ಅದರ ಬೇರು ಹಲವು, ಆ ಬೇರುಗಳಲ್ಲಿ ಅನೇಕವನ್ನು ಕಿತ್ತುಹಾಕಲು ಬರುತ್ತದೆ.

ಮೊದಲನೆಯದು, ದೇಹದ ಶಕ್ತಿ ತೀರ ಕುಂದಿದಾಗ ನುಸುಳುವ ಬೇರೆ ಸೋಂಕುಗಳು. ಬೆಕ್ಕಿನ ಮಲದಿಂದಲೂ ಸರಿಯಾಗಿ ಬೇಯದ ಮಾಂಸದಿಂದಲೂ ಬರುವ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಮಿದುಳಿನ ಒಳಗೆ ಬಾವಿನ ಗಂಟು ಕಟ್ಟಬಲ್ಲದು. ಆ ಗಂಟು ಒಂದು ನಿರ್ದಿಷ್ಟ ಸ್ಥಳದಲ್ಲಿ ಕೂತರೆ ದೇಹದ ಒಂದು ಪಕ್ಕದ ಕೈಕಾಲುಗಳು ಯಾರೋ ಬೀಸಿ ಎಸೆದಂತೆ ತಾವಾಗಿಯೇ ಝಾಡಿಸತೊಡಗುತ್ತವೆ. ನೋಡುವವರು ಗಾಳಿ ಮೆಟ್ಟಿತೆಂದು ಮಂತ್ರವಾದಿಯ ಬಳಿಗೆ ಓಡಿದರೆ ಆಶ್ಚರ್ಯವಿಲ್ಲ. ಕ್ಷಯದ ಗಂಟೂ ಇಂಥ ಕೆಲಸ ಮಾಡಬಹುದು. ಈ ಎರಡಕ್ಕೂ ಔಷಧವಿದೆ; ಬೇಗ ಸಿಕ್ಕಬೇಕು, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1989ರಿಂದ 1996ರವರೆಗೆ ತಾವು ಕಂಡ ಎಚ್‌.ಐ.ವಿ. ಸಂಬಂಧದ ನರರೋಗಗಳ ಚಿತ್ರವನ್ನು 2000ದಲ್ಲಿ ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣುವುದು ಇಂಥ ನುಸುಳುಕೋರ ಸೋಂಕುಗಳ ಹಾವಳಿಯೇ. ಅದು ಉಚಿತ ಔಷಧ ಇನ್ನೂ ಬಾರದಿದ್ದ ಕಾಲ. ಕ್ರಮವಾಗಿ ಔಷಧ ಸೇವಿಸಿ ರಕ್ತದ ಶಕ್ತಿ ಉಳಿಸಿಕೊಂಡವರಲ್ಲಿ ಈ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ.

ಎರಡನೆಯದು, ವೈರಸ್ಸೇ ಮಾಡುವ ಕೇಡು. ಔಷಧವನ್ನೇ ಆರಂಭಿಸದವರಲ್ಲಿ, ನಡುವೆ ಬಿಟ್ಟವರಲ್ಲಿ ಇದು ಹೆಚ್ಚು. ಅಪರೂಪವಾಗಿ, ರಕ್ತದಲ್ಲಿ ವೈರಸ್ಸು ಅಡಗಿದ್ದರೂ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅದು ತಲೆಯೆತ್ತಿರುವುದುಂಟು. ಸೊಂಟದಲ್ಲಿ ಸೂಜಿ ಹಾಕಿ ಆ ದ್ರವವನ್ನು ತೆಗೆದು ಪರೀಕ್ಷಿಸಿದರೆ ಸಂಗತಿ ತಿಳಿಯುತ್ತದೆ. ಔಷಧದ ಜೋಡಣೆಯನ್ನು ಬದಲಾಯಿಸಿದಾಗ ನಡುಕವೂ ತಡವರಿಕೆಯೂ ಹಿಮ್ಮೆಟ್ಟಿದ ನಿದರ್ಶನಗಳಿವೆ.

ಮೂರನೆಯದು ಸುಲಭವಾಗಿ ಕಣ್ತಪ್ಪುವಂಥದು: ಬೇರೆ ಕಾಯಿಲೆಗೆಂದು ನುಂಗಿದ ಮಾತ್ರೆ. ವಾಂತಿ, ಹೊಟ್ಟೆ ತೊಳಸುವಿಕೆಗಳಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೊರ್‌ಪೆರಜೀನ್. ಮನಸ್ಸಿನ ಉದ್ರೇಕಕ್ಕೆ ಕೊಡುವ ಹ್ಯಾಲೊಪೆರಿಡಾಲ್. ಇವೆಲ್ಲವೂ ಡೋಪಮೀನಿನ ದಾರಿಗೆ ಅಡ್ಡ ನಿಲ್ಲುವ ಔಷಧಗಳು. ಆರೋಗ್ಯವಂತನ ಮಿದುಳು ನಾಲ್ಕು ದಿನದ ಮಟ್ಟಿಗೆ ಇವನ್ನು ಸಹಿಸೀತು. ಆದರೆ ವರ್ಷಗಳ ಸೋಂಕಿನಿಂದ ಮೊದಲೇ ಸವೆದಿರುವ ನರಗಂಟುಗಳು ಅಷ್ಟನ್ನೂ ತಾಳಲಾರವು. ಎಚ್‌.ಐ.ವಿ. ಇರುವವರಲ್ಲಿ ಇಂಥ ಮಾತ್ರೆಗಳು ಬೇಗನೆ, ಅಲ್ಪ ಪ್ರಮಾಣದಲ್ಲಿಯೇ, ಪಾರ್ಕಿನ್ಸನ್ ರೋಗದ ವೇಷವನ್ನು ತೊಡಿಸಿಬಿಡುತ್ತವೆ. ಮೂರ್ಛೆಗೆ ಕೊಡುವ ವ್ಯಾಲ್‌ಪ್ರೊಯೇಟ್, ಉಬ್ಬಸಕ್ಕೆ ಕೊಡುವ ಸಾಲ್‌ಬ್ಯುಟಮಾಲ್ ಸಹ ಕೈ ನಡುಗಿಸಬಲ್ಲವು.

ಉಳಿದವು ಎಲ್ಲ ಮನುಷ್ಯರಿಗೂ ಬರುವಂಥವು: ಥೈರಾಯಿಡ್ ಗ್ರಂಥಿಯ ಅತಿಯಾದ ಚಟುವಟಿಕೆ, ಬಿ-12 ಜೀವಸತ್ತ್ವದ ಕೊರತೆ, ಮದ್ಯಪಾನ, ಮನೆತನದಲ್ಲಿ ಹರಿದುಬಂದ ನಡುಕ, ವಯಸ್ಸಿನೊಡನೆ ಬರುವ ನಿಜವಾದ ಪಾರ್ಕಿನ್ಸನ್ ರೋಗ. ಮೊದಮೊದಲು ಉಚಿತ ಚಿಕಿತ್ಸೆಯಲ್ಲಿದ್ದ ಸ್ಟಾವುಡಿನ್ ಎಂಬ ಔಷಧದಿಂದ ಅನೇಕರ ಪಾದಗಳು ಜೋಮು ಹಿಡಿದು ಉರಿಯುತ್ತಿದ್ದವು; ಆ ಔಷಧವನ್ನು ಆಮೇಲೆ ಕೈಬಿಟ್ಟರು. ಪಾದಕ್ಕೆ ನೆಲ ಸರಿಯಾಗಿ ತಿಳಿಯದಿದ್ದರೂ ನಡಿಗೆ ತಪ್ಪುತ್ತದೆ. ಅದು ಮಿದುಳಿನ ದೋಷವಲ್ಲ.

ಇಷ್ಟು ಕವಲುಗಳಿರುವ ದಾರಿಯಲ್ಲಿ ವೈದ್ಯನಿಗೆ ಕೈದೀಪ ರೋಗಿಯ ಮಾತೇ. ಎಚ್‌.ಐ.ವಿ. ಇದೆಯೆಂಬ ಸಂಗತಿಯನ್ನು ಮರೆಮಾಚಿದರೆ, ಬುದ್ಧಿವಂತನಾದ ತಜ್ಞನೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಯಾವ ಪರೀಕ್ಷೆ ಮೊದಲು ಬೇಕೆಂಬುದು ಅವನಿಗೆ ಹೊಳೆಯುವುದಿಲ್ಲ. ಅಷ್ಟೇ ಅಲ್ಲ, ಅವನು ಕೊಡುವ ಔಷಧ ಎಚ್‌.ಐ.ವಿ. ಔಷಧದೊಡನೆ ಜಗಳಕ್ಕೆ ನಿಂತೀತು. ಉದಾಹರಣೆಗೆ, ಮೂರ್ಛೆಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪೀನ್‌ಗಳು ಇಂದು ಹೆಚ್ಚು ಬಳಕೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಎಚ್‌.ಐ.ವಿ. ಔಷಧದ ಬಲವನ್ನು ಕುಗ್ಗಿಸುತ್ತವೆ. ನಡುಕಕ್ಕೆ ಮದ್ದು ಹುಡುಕಹೋಗಿ ಅಡಗಿದ್ದ ವೈರಸ್ಸನ್ನು ಎಬ್ಬಿಸಿದಂತಾಗಬಾರದಷ್ಟೆ?

ಗುಮಾಸ್ತರ ಸಂಗತಿಗೆ ಬರೋಣ. ಮುಂದಿನ ತಿಂಗಳು ಔಷಧಕ್ಕೆಂದು ತುಮಕೂರಿಗೆ ಹೋದಾಗ, ಎ.ಆರ್‌.ಟಿ. ಕೇಂದ್ರದ ಆಪ್ತ ಸಮಾಲೋಚಕಿ ಅವರ ಮುಖವನ್ನು ನೋಡಿಯೇ ನಿಲ್ಲಿಸಿದರು.

"ಯಾಕಣ್ಣ, ಬೇರೆ ಏನಾದ್ರೂ ಮಾತ್ರೆ ತಗೋತಾ ಇದ್ದೀರಾ?"

"ಏನಿಲ್ಲಮ್ಮ. ಹೊಟ್ಟೆ ತೊಳಸುತ್ತೆ ಅಂತ ಒಂದು. ಹಿಂದೆ ಯಾವಾಗಲೋ ಬರೆದುಕೊಟ್ಟಿದ್ದರು, ಅಂಗಡೀಲೇ ತಗೋತೀನಿ."

"ಎಷ್ಟು ದಿನದಿಂದ?"

ಗುಮಾಸ್ತರು ಬೆರಳು ಮಡಿಸಿ ಎಣಿಸಿದರು. ಎಂಟು ತಿಂಗಳಾಗಿತ್ತು. ನಡುಕಕ್ಕಿಂತ ಮಾತ್ರೆಯೇ ಹಿರಿಯದು! ಐದು ದಿನಕ್ಕೆಂದು ಬರೆದ ಚೀಟಿಯನ್ನು ಅವರು ಔಷಧದಂಗಡಿಯಲ್ಲಿ ಮತ್ತೆ ಮತ್ತೆ ತೋರಿಸುತ್ತ ಬಂದಿದ್ದರು. ನರರೋಗ ತಜ್ಞರ ಮುಂದೆ ಅವರು ಹೇಳದೆ ಬಿಟ್ಟದ್ದು ಎರಡು ಮಾತು: ಒಂದು ನಾಚಿಕೆಯಿಂದ, ಮತ್ತೊಂದು ಅಲ್ಪವೆಂಬ ಭಾವನೆಯಿಂದ. ರೋಗದ ಬೀಗಕ್ಕೆ ಎರಡೂ ಕೀಲಿಕೈಗಳಾಗಿದ್ದವು.

ಅದೇ ವಾರ ಅವರು ಹೆಂಡತಿಯೊಡನೆ ಪುನಃ ತಜ್ಞರ ಬಳಿಗೆ ಹೋದರು. ಈ ಸಲ ಮಾತು ಪೂರ್ತಿಯಾಯಿತು. ತಜ್ಞರು ಗದರಲಿಲ್ಲ, ಕುರ್ಚಿಯನ್ನು ಹಿಂದಕ್ಕೆ ಸರಿಸಲೂ ಇಲ್ಲ. ಮಿದುಳಿನ ಎಂ.ಆರ್‌.ಐ. ಚಿತ್ರ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಗಂಟಿಲ್ಲ, ಬಾವಿಲ್ಲ, ರಕ್ತದಲ್ಲಿ ವೈರಸ್ಸೂ ಹತೋಟಿಯಲ್ಲಿದೆ. ವಾಂತಿಯ ಮಾತ್ರೆಯನ್ನು ನಿಲ್ಲಿಸಿ ಹೊಟ್ಟೆಯ ತೊಂದರೆಗೆ ಬೇರೆ ಉಪಾಯ ಸೂಚಿಸಿದರು. "ಒಂದೇ ದಿನಕ್ಕೆ ಹೋಗೋದಿಲ್ಲ. ವಾರಗಳು ಬೇಕು, ತಿಂಗಳುಗಳೇ ಬೇಕಾಗಬಹುದು. ಆಮೇಲೂ ಉಳಿದರೆ ಅದಕ್ಕೂ ಚಿಕಿತ್ಸೆ ಇದೆ" ಎಂದರು.

ಆ ಚಿಕಿತ್ಸೆಯ ಹೆಸರು ಲೆವೊಡೋಪ. ಮಿದುಳಿನಲ್ಲಿ ಡೋಪಮೀನಾಗಿ ಮಾರ್ಪಡುವ ಔಷಧ. ನಮ್ಮ ಬೇಲಿಗಳಲ್ಲಿ ಹಬ್ಬುವ, ಮೈಗೆ ತಾಗಿದರೆ ತುರಿಕೆಯೆಬ್ಬಿಸುವ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದರು. ಹಾಗೆಂದು ಬೀಜವನ್ನು ಕುಟ್ಟಿ ತಿನ್ನುವ ಸಾಹಸಕ್ಕೆ ಯಾರೂ ಹೊರಡಬಾರದು. ಪ್ರಮಾಣ ತಪ್ಪಿದರೆ ವಾಂತಿ, ಭ್ರಾಂತಿ, ಮೈ ಕುಣಿತ ಎಲ್ಲವೂ ಬಂದಾವು. ಹಾಗೆಯೇ, ನಡುಕಕ್ಕೆ ಎಚ್‌.ಐ.ವಿ. ಮಾತ್ರೆಯೇ ಕಾರಣವೆಂದು ತಾವೇ ತೀರ್ಮಾನಿಸಿ ಅದನ್ನು ನಿಲ್ಲಿಸುವುದು ಕಟ್ಟೆಯನ್ನು ತಾವೇ ಒಡೆದುಕೊಂಡಂತೆ.

ಇನ್ನು ಗುಟ್ಟಿನ ಮಾತು. ವೈದ್ಯನಿಗೆ ಹೇಳುವುದೆಂದರೆ ಊರಿಗೆ ಹೇಳುವುದೆಂದಲ್ಲ. 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸೋಂಕಿತರ ಸಂಗತಿಯನ್ನು ತಿಳಿದ ಆಸ್ಪತ್ರೆ ಅದನ್ನು ಗೋಪ್ಯವಾಗಿಡಬೇಕು. ಸೋಂಕಿದೆಯೆಂಬ ಕಾರಣದಿಂದ ಚಿಕಿತ್ಸೆ, ಉದ್ಯೋಗ, ಶಿಕ್ಷಣ, ಬಾಡಿಗೆಯ ಮನೆ ಮೊದಲಾದವುಗಳಲ್ಲಿ ಭೇದ ತೋರಿಸುವುದು ಕಾನೂನಿಗೆ ವಿರುದ್ಧ. ಮನೆಯವರಿಗೆ ಹೇಳುವುದೂ ಬಿಡುವುದೂ ಆ ವ್ಯಕ್ತಿಯ ಇಚ್ಛೆ. ಆದರೆ ಹೇಳಿಕೊಳ್ಳಲು ಧೈರ್ಯ ಬರುವಂಥ ಮನೆಯನ್ನು ಕಟ್ಟುವುದು ಮನೆಯವರೆಲ್ಲರ ಕೈಯಲ್ಲಿದೆ. ಒಂದೇ ತಟ್ಟೆಯಲ್ಲಿ ಉಂಡರೆ, ಕಾಫಿಯ ಲೋಟ ಮುಟ್ಟಿದರೆ, ನಡುಗುವ ಕೈಯನ್ನು ಹಿಡಿದರೆ ಈ ಸೋಂಕು ಬರುವುದಿಲ್ಲ. ಔಷಧದಿಂದ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಇಳಿದು ಹಾಗೆಯೇ ನಿಂತವರಿಂದ ದಾಂಪತ್ಯದಲ್ಲಿಯೂ ಅದು ಹರಡುವುದಿಲ್ಲವೆಂಬುದು ಈಗ ಸಿದ್ಧವಾದ ಸಂಗತಿ.

ಮನೆಯಲ್ಲಿ ಇಂಥವರಿದ್ದರೆ ಮಾಡಬಹುದಾದ ಸಹಾಯಗಳು ಚಿಕ್ಕವು, ಆದರೆ ಬೆಲೆಯುಳ್ಳವು. ಲೋಟಕ್ಕೆ ಅರ್ಧ ಕಾಫಿ ಹಾಕಿ, ಎರಡು ಸಲ ಕೊಟ್ಟರಾಯಿತು. ಬಾಗಿಲಲ್ಲಿ ಜಾರುವ ಕಾಲೊರಸನ್ನು ತೆಗೆದುಬಿಡಬೇಕು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿದರೆ, ಕಿತ್ತುಕೊಂಡು ತಾವೇ ಹಾಕುವ ಬದಲು ಆ ಹೊತ್ತನ್ನು ಅವರಿಗೆ ಬಿಟ್ಟುಕೊಡಬೇಕು. ದಿನವೂ ನಡೆದಾಡಲು ಜೊತೆಗೂಡಬೇಕು. ಆದರೆ ತಲೆನೋವು, ಜ್ವರ, ವಾಂತಿ, ಮೂರ್ಛೆ, ಮಾತಿನ ಗೊಂದಲ, ಒಂದು ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಝಾಡಿಸುವುದು ಅಥವಾ ಸೋಲುವುದು ಕಂಡರೆ ನಾಳೆಯೆನ್ನದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಹೊಟ್ಟೆಯದು, ನಿದ್ದೆಯದು, ನಾಟಿ ಔಷಧದ್ದು ಎಂಬ ಭೇದವಿಲ್ಲದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ವೈದ್ಯರಿಗೆ ಆ ಚೀಲವೇ ಅರ್ಧ ರೋಗಚರಿತ್ರೆ.

ಗುಮಾಸ್ತರು ಈಗ ಒಂದು ಚಿಕ್ಕ ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಎಡ ಪುಟದಲ್ಲಿ ನುಂಗಿದ ಮಾತ್ರೆಗಳ ಹೆಸರು, ತಾರೀಖು, ವೇಳೆ. ಬಲ ಪುಟದಲ್ಲಿ, ತಜ್ಞರು ಹೇಳಿದಂತೆ, ಪ್ರತಿ ಸೋಮವಾರ ಅದೇ ಒಂದು ವಾಕ್ಯವನ್ನು ಬರೆಯುತ್ತಾರೆ: ಇಂದು ಬೆಳ್ಳಾವಿಯಲ್ಲಿ ಮಳೆ ಬಂತು. ಮಳೆ ಬಂದಿರಲಿ, ಬಿಡಲಿ, ವಾಕ್ಯ ಅದೇ. ಮೊದಲ ಸೋಮವಾರ "ಮಳೆ" ಎಂಬಲ್ಲಿಗೆ ಅಕ್ಷರ ಇರುವೆಯಾಗಿತ್ತು. ಹನ್ನೆರಡನೆಯ ಸೋಮವಾರ "ಬಂತು" ಎಂಬುದರ ಸೊನ್ನೆ ಕನ್ನಡಕವಿಲ್ಲದೆಯೇ ಕಾಣಿಸಿತು. ಹಿಂದಿನ ದುಂಡಗಿನ ಅಕ್ಷರ ಪೂರ್ತಿಯಾಗಿ ಮರಳಿಲ್ಲ. ಬ್ಯಾಂಕಿಗೆ ಹೋಗಿ ಹೊಸ ರುಜುವಿನ ಮಾದರಿಯೊಂದನ್ನು ಕೊಟ್ಟು ಬಂದಿದ್ದಾರೆ.

ಗಂಡಿನ ಕಡೆಯವರು ಬರುವ ಭಾನುವಾರ ಬರುತ್ತಾರೆ. ತಾಂಬೂಲದ ತಟ್ಟೆಗೆ ಅಡಕೆಯ ಬಟ್ಟಲನ್ನು ಬೇರೆಯಾಗಿ ಇಡುವುದೆಂದು ಹೆಂಡತಿ ಆಗಲೇ ತೀರ್ಮಾನಿಸಿದ್ದಾರೆ.